ಕೊಳ್ಳುವ ಮೊದಲು ಒಂದು ಗುಟುಕು ರುಚಿ ನೋಡಲು ಬಿಡಿ

ಮಾನ್ಯ ಸಂಪಾದಕರೇ,

ಬಡಾವಣೆಯ ವೈನ್ ಅಂಗಡಿಯಲ್ಲಿ ಬಾಟಲಿ ಕೊಳ್ಳುವ ಮೊದಲು ಒಂದು ಗುಟುಕು ರುಚಿ ನೋಡುವುದಕ್ಕೆ ಅಬಕಾರಿ ಇಲಾಖೆ ಅವಕಾಶ ಕೊಡಬೇಕು ಅಂತ ಕೇಳಲು ಈ ಪತ್ರ. ವಿಷಯ ಕೇಳಿದ ಕೂಡಲೇ ಹುಬ್ಬು ಗಂಟಿಕ್ಕುವವರು ಇರುತ್ತಾರೆ, ಗೊತ್ತು. ಅವರ ಆತಂಕಕ್ಕೆ ಕಾರಣವೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಇದರಲ್ಲಿ ನಮ್ಮ ದ್ರಾಕ್ಷಿ ಬೆಳೆಗಾರರ ಹೊಟ್ಟೆಪಾಡೂ ಸೇರಿಕೊಂಡಿದೆ. ಹಾಗಾಗಿ ಪತ್ರ ಸ್ವಲ್ಪ ಉದ್ದವಾದರೂ ದಯವಿಟ್ಟು ಕತ್ತರಿ ಹಾಕದೆ ಪ್ರಕಟಿಸಿ.

ಈಗ ನಮ್ಮಲ್ಲಿ ವೈನ್ ಕೊಳ್ಳುವುದು ಹೇಗೆ ನಡೆಯುತ್ತದೆ ನೋಡಿ. ಅಂಗಡಿಯ ಮುಂದೆ ಕಬ್ಬಿಣದ ಗ್ರಿಲ್. ಗ್ರಿಲ್‌ನಲ್ಲಿ ಕೈ ತೂರುವಷ್ಟು ಕಿಂಡಿ. ಸಂಜೆಯಾದರೆ ಕ್ವಾರ್ಟರ್, ಬಿಯರ್ ಕೊಳ್ಳುವವರ ನೂಕುನುಗ್ಗಲು. ಒಳಗಿನ ಗೋಡೆ ತುಂಬಾ ವಿಸ್ಕಿ, ರಮ್, ಬ್ರಾಂದಿ. ವೈನ್‌ಗೆ ಮೇಲಿನ ಮೂಲೆಯಲ್ಲಿ ಒಂದೇ ಒಂದು ಸಾಲು. ರೆಡ್ ವೈನ್ ಯಾವುದಿದೆ ಅಂದರೆ ಕೌಂಟರಿನ ಹುಡುಗ ಸ್ಟೂಲ್ ಹತ್ತಿ ಎರಡು ಬಾಟಲಿ ಇಳಿಸಿ ತೋರಿಸುತ್ತಾನೆ. ಎರಡರಲ್ಲಿ ಸಿಹಿ ಕಡಿಮೆ ಇರುವುದು ಯಾವುದಪ್ಪಾ ಅಂತ ಕೇಳಿದರೆ, "ಎರಡೂ ಚೆನ್ನಾಗಿದೆ ಸಾರ್, ಇದು ಜಾಸ್ತಿ ಹೋಗುತ್ತೆ" ಅನ್ನುತ್ತಾನೆ. ಅವನ ತಪ್ಪಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ನಮ್ಮ ಹಿಂದೆ ನಿಂತವರು ಬೇರೆ ದುಡ್ಡು ಹಿಡಿದು ಅವಸರ ಮಾಡುತ್ತಿರುತ್ತಾರೆ. ಕೊನೆಗೆ ಲೇಬಲ್ ಚೆಂದ ಇರುವ ಯಾವುದೋ ಒಂದನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಬರುತ್ತೇವೆ. ಏಳೆಂಟು ನೂರು ರೂಪಾಯಿ ಆಯಿತು. ಮನೆಯಲ್ಲಿ ತೆರೆದರೆ ನನ್ನ ಹೆಂಡತಿಗೆ ಒಗರು, ನನಗೆ ಹುಳಿ. ಉಳಿದ ಅರ್ಧ ಬಾಟಲಿ ಫ್ರಿಜ್ಜಿನ ಬಾಗಿಲಲ್ಲಿ ವಾರ ಕಳೆದು ಸಿಂಕಿಗೆ ಹೋಗುತ್ತದೆ. ಹೀಗೆ ಒಂದೆರಡು ಸಲ ಆದರೆ ಸಾಕು, ವೈನ್ ನಮ್ಮಂಥವರಿಗಲ್ಲ ಅಂತ ಜನ ಕೈಬಿಡುತ್ತಾರೆ. ಹೆಂಗಸರಂತೂ ಆ ಗ್ರಿಲ್ ಹತ್ತಿರ ಬರುವುದೇ ಇಲ್ಲ, ಗಂಡನನ್ನೋ ಮಗನನ್ನೋ ಕಳಿಸುತ್ತಾರೆ. ಮನೆಯಲ್ಲಿ ವೈನ್ ಇಷ್ಟಪಡುವುದು ಅವರು, ಆರಿಸುವುದು ಅದರ ಬಗ್ಗೆ ಏನೂ ಗೊತ್ತಿಲ್ಲದ ನಾವು!

ರುಚಿ ನೋಡಿ ಕೊಳ್ಳೋಣ ಅಂದರೆ ಕಾನೂನು ಬಿಡುವುದಿಲ್ಲ. ಬಾಟಲಿ ಮಾರುವ ಅಂಗಡಿಯ ಲೈಸೆನ್ಸ್ ಸೀಲ್ ಒಡೆಯದ ಬಾಟಲಿ ಕೊಟ್ಟು ಕಳಿಸುವುದಕ್ಕೆ ಮಾತ್ರ. ಅಂಗಡಿಯೊಳಗೆ ಒಂದು ಚಮಚ ಸುರಿದರೂ ತಪ್ಪು. ಆ ನಿಯಮ ಯಾಕೆ ಇದೆ ಅಂತಲೂ ಅರ್ಥವಾಗುತ್ತದೆ. ಅಂಗಡಿ ಮುಂದೆಯೇ ನಿಂತು ಕುಡಿದು ಗಲಾಟೆ ಮಾಡುವುದನ್ನು ತಡೆಯಬೇಕಲ್ಲ. ಆದರೆ ನಿಂತು ಕ್ವಾರ್ಟರ್ ಏರಿಸುವುದಕ್ಕೂ, ಕೂತು ಮೂರು ವೈನ್‌ಗಳನ್ನು ಗುಟುಕು ಗುಟುಕಾಗಿ ಹೋಲಿಸಿ ನೋಡುವುದಕ್ಕೂ ಒಂದೇ ನಿಯಮ ಹಾಕಿಬಿಟ್ಟರೆ ಹೇಗೆ?

ನನಗೆ ಇದು ಇಷ್ಟು ಮುಖ್ಯ ಅನ್ನಿಸಲು ಒಂದು ಕಾರಣ ಅಂಗಡಿಯಲ್ಲಿ ವೈನ್ ಇಡುವ ರೀತಿ. ಹೋದ ಬೇಸಿಗೆಯಲ್ಲಿ ಬೇರೆ ಬಡಾವಣೆಯ ಒಂದು ಅಂಗಡಿಯಲ್ಲಿ ರೋಸೆ ವೈನ್ ಕೊಂಡೆ. ಗಾಜಿನ ಶೋಕೇಸ್, ಪಶ್ಚಿಮಕ್ಕೆ ಮುಖ, ಮಧ್ಯಾಹ್ನದ ಬಿಸಿಲು ನೇರ ಬಾಟಲಿಗಳ ಮೇಲೆ ಬೀಳುತ್ತಿತ್ತು. ಮೇಲೊಂದು ದೊಡ್ಡ ಲೈಟ್ ಬೇರೆ. ಮನೆಗೆ ತಂದು ಗ್ಲಾಸಿಗೆ ಸುರಿದರೆ ಗುಲಾಬಿ ಬಣ್ಣವೇ ಇಲ್ಲ, ಕಂದು ತಿರುಗಿದೆ. ಮೂಗಿಗೆ ಬಂದದ್ದು ಬೇಯಿಸಿದ ಹಣ್ಣಿನ ಮುಗ್ಗಲು ವಾಸನೆ. ಲೇಬಲ್ ಮೇಲಿನ ವರ್ಷ ನೋಡಿದರೆ ಐದು ವರ್ಷ ಹಳೆಯದು. ವಾಪಸ್ ತಗೊಂಡು ಹೋದಾಗ ಅಂಗಡಿಯವರು, ವೈನ್ ಹಳೆಯದಾದಷ್ಟೂ ಒಳ್ಳೆಯದಲ್ವಾ ಸಾರ್ ಅಂದರು. ಮೋಸ ಮಾಡಬೇಕು ಅಂತ ಹೇಳಿದ್ದಲ್ಲ, ನಿಜವಾಗಿ ನಂಬಿದ್ದರು.

ಈ ನಂಬಿಕೆ ನಮ್ಮಲ್ಲಿ ತುಂಬಾ ಗಟ್ಟಿ. ಜಗತ್ತಿನ ಬಹುಪಾಲು ವೈನ್ ಒಂದೆರಡು ವರ್ಷದೊಳಗೆ ಕುಡಿದು ಮುಗಿಸಲಿ ಅಂತಲೇ ಮಾಡಿದ್ದು. ರೋಸೆ, ಬಿಳಿ ವೈನ್ ಅಂತೂ ಎಳೆಯದಾಗಿದ್ದಷ್ಟೂ ಚೆಂದ. ವರ್ಷಗಟ್ಟಲೆ ಇಟ್ಟರೆ ಸುಧಾರಿಸುವ ವೈನ್ ಬೆರಳೆಣಿಕೆಯಷ್ಟು, ಅವಕ್ಕೂ 12–14 ಡಿಗ್ರಿಯ ತಂಪು, ಕತ್ತಲೆ ಬೇಕು. ಕಾರ್ಕ್ ಹಾಕಿದ್ದರೆ ಬಾಟಲಿಯನ್ನು ಮಲಗಿಸಿ ಇಡಬೇಕು, ಇಲ್ಲದಿದ್ದರೆ ಕಾರ್ಕ್ ಒಣಗಿ ಗಾಳಿ ಒಳಗೆ ಹೋಗುತ್ತದೆ. ತಿರುಗಿಸುವ ಮುಚ್ಚಳ ಇದ್ದರೆ ಆ ತೊಂದರೆ ಇಲ್ಲ, ನಿಲ್ಲಿಸಿಯೇ ಇಡಬಹುದು. ಏಪ್ರಿಲ್ ಬಿಸಿಲಿಗೆ ಬೆಂಗಳೂರಿನ ಅಂಗಡಿಯೊಳಗೇ 30 ಡಿಗ್ರಿ ದಾಟುತ್ತದೆ, ಕಲಬುರಗಿ ಕಡೆ ಕೇಳುವುದೇ ಬೇಡ. ವಿಸ್ಕಿ ಅದನ್ನು ತಡೆದುಕೊಳ್ಳುತ್ತದೆ, ವೈನ್ ತಡೆದುಕೊಳ್ಳುವುದಿಲ್ಲ. ಹೀಗೆ ಕೆಟ್ಟ ಬಾಟಲಿ ಕುಡಿದವರು ಬೈಯುವುದು ಮಾತ್ರ ವೈನ್ ಮಾಡಿದವರನ್ನು. ರುಚಿ ತೋರಿಸಲು ಪ್ರತಿ ಶನಿವಾರ ತನ್ನ ಸ್ಟಾಕಿನಿಂದಲೇ ಮೂರು ಬಾಟಲಿ ತೆಗೆದು ಗಿರಾಕಿಗಳ ಎದುರು ತೆರೆಯಬೇಕಾದ ಅಂಗಡಿಯವರು ಬಿಸಿಲಿನಲ್ಲಿ ವೈನ್ ಇಡುತ್ತಾರಾ? ಕೆಟ್ಟದ್ದು ಎಲ್ಲರ ಮುಂದೆ ಗೊತ್ತಾಗುತ್ತದೆ, ಮರ್ಯಾದೆ ಹೋಗುತ್ತದೆ. ಯಾವ ಇನ್‌ಸ್ಪೆಕ್ಟರ್ ಬಂದು ನೋಡುವುದಕ್ಕಿಂತಲೂ ಇದು ಪರಿಣಾಮಕಾರಿ ಅಂತ ನನ್ನ ಅಭಿಪ್ರಾಯ.

ಇನ್ನು ಬೇರೆ ಕಡೆ ಇದನ್ನು ಹೇಗೆ ನಡೆಸುತ್ತಾರೆ ಅನ್ನುವುದಕ್ಕೆ ಕಣ್ಣಾರೆ ಕಂಡದ್ದು ಹೇಳುತ್ತೇನೆ. ಮಗಳ ಮನೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಹತ್ತಿರ. ಅವರ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಪುಟ್ಟದೊಂದು ವೈನ್ ಅಂಗಡಿ, ಶನಿವಾರ ಮಧ್ಯಾಹ್ನ ಟೇಸ್ಟಿಂಗ್ ಇಡುತ್ತಾರೆ. ಅಂಗಡಿಯ ಒಂದು ಮೂಲೆಗೆ ಹಗ್ಗ ಕಟ್ಟಿ ಜಾಗ ಬೇರೆ ಮಾಡಿದ್ದರು. ಒಳಗೆ ಹೋಗುವಾಗ ತಲೆ ಪೂರ್ತಿ ಬೆಳ್ಳಗಾಗಿರುವ ನನ್ನನ್ನೂ ಐಡಿ ಕೇಳಿದರು. ಮೇಜಿನ ಮೇಲೆ ಪ್ರತಿಯೊಬ್ಬರ ಮುಂದೆ ಒಂದು ಹಾಳೆ, ಅದರಲ್ಲಿ ಮೂರು ವೃತ್ತ, ಪ್ರತಿ ವೃತ್ತದ ಕೆಳಗೆ ವೈನಿನ ಹೆಸರು, ವರ್ಷ, ಊರು, ಬೆಲೆ. ಮೊದಲು ಸಾವಿನ್ಯೋ ಬ್ಲಾಂ ಎಂಬ ಬಿಳಿ ವೈನ್, ಆಮೇಲೆ ಒಂದು ರೋಸೆ, ಕೊನೆಗೆ ಲೋಡಿ ಎಂಬ ಊರಿನ ಕೆಂಪು ವೈನ್ ಜಿನ್‌ಫಂಡೆಲ್. ಗ್ಲಾಸಿನ ತಳ ಮುಚ್ಚುವಷ್ಟೇ ಸುರಿದರು. ಸುರಿಯುವಾಕೆ ಯಾವ ತೋಟ, ಬಳ್ಳಿ ಎಷ್ಟು ಹಳೆಯದು, ಎಷ್ಟು ದಿನ ಪೀಪಾಯಿಯಲ್ಲಿ ಇಟ್ಟಿದ್ದರು ಅಂತ ಎರಡು ಮಾತು ಹೇಳಿ ಸುಮ್ಮನಾದರು. ರುಚಿ ನೋಡಿದ ವೈನನ್ನು ನುಂಗದೆ ಉಗಿಯಲು ಒಂದು ಮಗ್ ಇತ್ತು, ಸುಮಾರು ಜನ ಉಗಿದರು, ಯಾರೂ ಅದನ್ನು ಅಸಹ್ಯ ಅಂದುಕೊಳ್ಳಲಿಲ್ಲ. ಏನೂ ಕೊಳ್ಳದೆ ಎದ್ದು ಹೋದವರೂ ಇದ್ದರು, ಅವರಿಗೂ ಅಷ್ಟೇ ನಗುತ್ತಾ ಥ್ಯಾಂಕ್ಸ್ ಹೇಳಿ ಕಳಿಸಿದರು. ಗದ್ದಲ ಇಲ್ಲ, ತೂರಾಡುವವರಿಲ್ಲ. ತೂರಾಡುವಷ್ಟು ಅಲ್ಲಿ ಸಿಗುವುದೂ ಇಲ್ಲ.

ಯಾಕೆ ಸಿಗುವುದಿಲ್ಲ ಅಂದರೆ ಆ ರಾಜ್ಯದ ಕಾನೂನೇ ಹಾಗಿದೆ. ಅಂಗಡಿಯೊಳಗೆ ವೈನ್ ಬಗ್ಗೆ ತಿಳಿಸಿಕೊಡುವ ಟೇಸ್ಟಿಂಗ್ ಮಾಡುವುದಕ್ಕೆ ಬೇರೆಯದೇ ಲೈಸೆನ್ಸ್. ವೈನ್ ಆದರೆ ಒಂದು ಸಲಕ್ಕೆ ಒಂದು ಔನ್ಸ್ ಮೀರುವಂತಿಲ್ಲ, ಅಂದರೆ ಸುಮಾರು 30 ಮಿ.ಲೀ. ಒಬ್ಬರಿಗೆ ದಿನಕ್ಕೆ ಮೂರೇ ಸಲ. ಜಾಗವನ್ನು ಹಗ್ಗವೋ ಗೋಡೆಯೋ ಹಾಕಿ ಬೇರೆ ಮಾಡಿರಬೇಕು. 21 ತುಂಬದವರು ಆ ಜಾಗದೊಳಗೆ ಕಾಲಿಡುವಂತಿಲ್ಲ. ಎಷ್ಟು ಸರಳ ನೋಡಿ. ನಮ್ಮಲ್ಲೂ ಮದ್ಯ ಕೊಳ್ಳುವ ವಯಸ್ಸು 21. ಈ ನಿಯಮಗಳನ್ನು ಇಲ್ಲಿಗೆ ಹೊಂದಿಸಿಕೊಳ್ಳುವುದು ಕಷ್ಟದ ಕೆಲಸವೇನಲ್ಲ. 750 ಮಿ.ಲೀ. ಬಾಟಲಿಯಿಂದ 30 ಮಿ.ಲೀ. ಲೆಕ್ಕದಲ್ಲಿ 25 ಜನಕ್ಕೆ ರುಚಿ ತೋರಿಸಬಹುದು. ಅಂಗಡಿಯವರಿಗೆ ಖರ್ಚೂ ದೊಡ್ಡದಲ್ಲ.

ಸಣ್ಣ ಅಂಗಡಿಯ ಟೇಸ್ಟಿಂಗ್‌ನಿಂದ ಏನು ಮಹಾ ಆಗುತ್ತದೆ ಅನ್ನುವವರಿಗೆ 1976ರ ಪ್ಯಾರಿಸ್ ಕಥೆ ನೆನಪಿಸಬೇಕು. ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲೆಂಡಿನವರು ಪ್ಯಾರಿಸ್ಸಿನಲ್ಲಿ ಚಿಕ್ಕದೊಂದು ವೈನ್ ಅಂಗಡಿ ಇಟ್ಟುಕೊಂಡಿದ್ದರು. ಬಂದ ಗಿರಾಕಿಗಳಿಗೆ ರುಚಿ ತೋರಿಸಿ, ತಿಳಿಸಿ ಹೇಳಿ ಮಾರುವುದು ಅವರ ಪದ್ಧತಿ. ಅದು ಬೆಳೆದು ಪಕ್ಕದಲ್ಲೇ ವೈನ್ ಕಲಿಸುವ ಒಂದು ಶಾಲೆಯೂ ಆಯಿತು. ಅವರೂ ಅವರ ಸಹೋದ್ಯೋಗಿ ಪೆಟ್ರೀಷಿಯಾ ಗ್ಯಾಲಘರ್ ಅವರೂ ಸೇರಿ ಆ ವರ್ಷ ಮೇ 24ರಂದು ಒಂದು ಟೇಸ್ಟಿಂಗ್ ಏರ್ಪಡಿಸಿದರು. ಒಂಬತ್ತು ಜನ ಫ್ರೆಂಚ್ ಪರಿಣತರು ತೀರ್ಪುಗಾರರು. ಫ್ರಾನ್ಸಿನ ಹೆಸರಾಂತ ವೈನ್‌ಗಳು, ಆಗ ಯಾರೂ ಲೆಕ್ಕಕ್ಕೆ ಇಡದಿದ್ದ ಕ್ಯಾಲಿಫೋರ್ನಿಯಾದ ವೈನ್‌ಗಳು, ಯಾವುದು ಯಾವುದು ಅಂತ ಕಾಣದ ಹಾಗೆ. ಅಂಕ ಕೂಡಿಸಿ ನೋಡಿದರೆ ಬಿಳಿಯಲ್ಲಿ 1973ರ ಶಾಟೋ ಮೊಂಟೆಲೀನಾ ಮೊದಲು, ಕೆಂಪಿನಲ್ಲಿ 1973ರ ಸ್ಟ್ಯಾಗ್ಸ್ ಲೀಪ್ ಮೊದಲು. ಎರಡೂ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯವು. ಆ ಕಣಿವೆಯ ರೈತರ ಹಣೆಬರಹ ಬದಲಾಗಲು ಆ ಒಂದು ಮಧ್ಯಾಹ್ನವೂ ಕಾರಣ. ಲೇಬಲ್ ಮುಚ್ಚಿ ಕುಡಿಸಿದ್ದರಿಂದ ಅವರಿಗೆ ನ್ಯಾಯ ಸಿಕ್ಕಿತು. ಲೇಬಲ್ ನೋಡಿ ಕುಡಿದಿದ್ದರೆ ಸಿಗುತ್ತಿರಲಿಲ್ಲ.

ಈಗ ನಮ್ಮ ರೈತರ ವಿಷಯಕ್ಕೆ ಬರುತ್ತೇನೆ. ನಮ್ಮ ಭಾವನವರದು ವಿಜಯಪುರ ಜಿಲ್ಲೆಯಲ್ಲಿ ದ್ರಾಕ್ಷಿ ಪಡ, ಅಂದರೆ ತೋಟ. ಆ ಕಡೆ ಬಹುಪಾಲು ಒಣದ್ರಾಕ್ಷಿಗೆ ಹೋಗುವ ತಳಿ. ಏಪ್ರಿಲ್‌ನಲ್ಲಿ ಒಂದು ಚಾಟ್ನಿ (ಬಳ್ಳಿ ಕತ್ತರಿಸುವುದು), ಅಕ್ಟೋಬರ್ ಆಸುಪಾಸಿನಲ್ಲಿ ಇನ್ನೊಂದು ಚಾಟ್ನಿ, ಫೆಬ್ರವರಿ–ಮಾರ್ಚ್ ಹೊತ್ತಿಗೆ ಕೊಯ್ಲು. ಯುರೋಪಿನಲ್ಲಿ ಚಳಿಗೆ ಬಳ್ಳಿ ತಾನೇ ಎಲೆ ಉದುರಿಸಿ ಮಲಗುತ್ತದೆ. ನಮ್ಮ ಸೆಕೆಯಲ್ಲಿ ಅದಕ್ಕೆ ನಿದ್ದೆಯೇ ಇಲ್ಲ, ಕತ್ತರಿ ಹಿಡಿದು ರೈತನೇ ಹದಕ್ಕೆ ತರಬೇಕು. ವರ್ಷಕ್ಕೆ ಎರಡು ಸಲ ಪೂರ್ತಿ ತೋಟ ಕತ್ತರಿಸುವ ಕೂಲಿ, ಔಷಧಿ, ತಂತಿ ಕಂಬ, ಡ್ರಿಪ್, ಎಲ್ಲ ಸೇರಿದರೆ ದ್ರಾಕ್ಷಿಯಷ್ಟು ದುಡ್ಡು ಬೇಡುವ ಬೆಳೆ ಆ ಸೀಮೆಯಲ್ಲಿ ಕಡಿಮೆ. ಕೆಲವು ವರ್ಷಗಳ ಹಿಂದೆ ವೈನ್ ದ್ರಾಕ್ಷಿಗೆ ಒಳ್ಳೆ ರೇಟು ಇದೆ ಅಂತ ಅವರು ಒಂದಿಷ್ಟು ಜಾಗದಲ್ಲಿ ಶಿರಾಜ್ ಎಂಬ ಕೆಂಪು ವೈನಿನ ತಳಿ ಹಾಕಿದರು. ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ಇಂಥ ಹಣ್ಣನ್ನು ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ, ಒಣದ್ರಾಕ್ಷಿಗೂ ಆಗುವುದಿಲ್ಲ. ವೈನರಿಯವರು ಎತ್ತಿದರೆ ಮಾತ್ರ ಅದಕ್ಕೆ ಬೆಲೆ. ಎರಡು ಬೆಳೆ ಎತ್ತಿದರು, ಮೂರನೆಯ ವರ್ಷ ಹಳೆ ವೈನೇ ಮಾರಾಟ ಆಗಿಲ್ಲ ಅಂದುಬಿಟ್ಟರು. ಭಾವ ಬಳ್ಳಿ ಕಿತ್ತು ಹಾಕಿದರು. ಬೇರು ಸಮೇತ ಕಿತ್ತ ಕಾಂಡಗಳನ್ನು ಬದುವಿನ ಮೇಲೆ ರಾಶಿ ಹಾಕಿದ್ದನ್ನು ನೋಡಿದ್ದೇನೆ, ಒಂದೊಂದೂ ಮುಂಗೈ ದಪ್ಪ. 2008ರ ಆರ್ಥಿಕ ಕುಸಿತದ ನಂತರ ನಾಸಿಕ್ ಕಡೆಯೂ ರೈತರು ಹೀಗೇ ವೈನ್ ದ್ರಾಕ್ಷಿ ಕಿತ್ತಿದ್ದರು. ನಗರದಲ್ಲಿ ಬಾಟಲಿ ಖಾಲಿಯಾಗದೆ ಇದ್ದರೆ ಹಳ್ಳಿಯಲ್ಲಿ ಬಳ್ಳಿ ಉಳಿಯುವುದಿಲ್ಲ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. 2007ರಲ್ಲೇ ಕರ್ನಾಟಕ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂತು. ನಂದಿ ಕಣಿವೆ, ಕೃಷ್ಣಾ ಕಣಿವೆ, ಕಾವೇರಿ ಕಣಿವೆ ಅಂತ ದ್ರಾಕ್ಷಿ ಸೀಮೆಗಳನ್ನು ಗುರುತಿಸಿದರು. ಅದಕ್ಕೂ ಮೊದಲೇ, 1988ರಲ್ಲಿ, ಕನ್ವಲ್ ಗ್ರೋವರ್ ಅವರು ದೊಡ್ಡಬಳ್ಳಾಪುರದ ಹತ್ತಿರ, ನಂದಿ ಬೆಟ್ಟದ ತಪ್ಪಲಿನಲ್ಲಿ ವೈನರಿ ಶುರು ಮಾಡಿದ್ದರು. ಫ್ರಾನ್ಸಿನ ದೊಡ್ಡ ಹೆಸರಿನ ವೈನ್ ತಜ್ಞ ಮಿಶೆಲ್ ರೋಲಾಂ ಅಲ್ಲಿಗೆ ಸಲಹೆಗಾರರಾಗಿದ್ದರು. ಈಗ ಹಂಪಿ ಬೆಟ್ಟಗಳ ಕಡೆ ಕ್ರಸ್ಮಾ ಎಂಬ ವೈನರಿ ಇದೆ, ನಂದಿ ಸುತ್ತ ಇನ್ನೂ ಕೆಲವರಿದ್ದಾರೆ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಬೆಳೆಯುವ ಕಡೆ, ಮಾಡುವ ಕಡೆ ಇಷ್ಟೆಲ್ಲ ಆಯಿತು. ಕೊಳ್ಳುವವನ ಕಡೆ ಮಾತ್ರ ಆ ಗ್ರಿಲ್, ಆ ಕಿಂಡಿ ಹಾಗೇ ಉಳಿದಿವೆ. ಬೆಂಗಳೂರಿನ ಎಷ್ಟೋ ಜನಕ್ಕೆ ಒಂದೂವರೆ ಗಂಟೆ ದೂರದಲ್ಲಿ ಬೆಳೆದ ದ್ರಾಕ್ಷಿಯ ವೈನ್ ತಮ್ಮ ಬೀದಿಯ ಅಂಗಡಿಯಲ್ಲೇ ಇದೆ ಅನ್ನುವುದೂ ಗೊತ್ತಿಲ್ಲ.

ಟೇಸ್ಟಿಂಗ್ ಬೆಂಗಳೂರಿನಲ್ಲಿ ನಡೆಯುವುದೇ ಇಲ್ಲವಾ ಅಂದರೆ, ನಡೆಯುತ್ತದೆ, ದೊಡ್ಡ ಹೋಟೆಲುಗಳಲ್ಲಿ. ಟಿಕೆಟ್ ಬೆಲೆ ಕೇಳಿದರೇ ಅರ್ಧ ಜನ ಹಿಂದೆ ಸರಿಯುತ್ತಾರೆ. ನಾವಿಬ್ಬರೂ ಒಮ್ಮೆ ಹೋಗಿದ್ದೆವು. ಎಲ್ಲ ಇಂಗ್ಲಿಷಿನಲ್ಲಿ, ಅದೂ ಬಾಯಿ ಬಿಟ್ಟು ಪ್ರಶ್ನೆ ಕೇಳಲು ನಾಚಿಕೆಯಾಗುವಂಥ ಇಂಗ್ಲಿಷಿನಲ್ಲಿ. ನನ್ನ ಹೆಂಡತಿ ಎರಡು ಗಂಟೆ ಸುಮ್ಮನೆ ಕೂತು ಬಂದಳು. ಅದೇ ಇವಳು ದೊಡ್ಡಬಳ್ಳಾಪುರದ ಕಡೆಯ ವೈನರಿ ನೋಡಲು ಹೋದಾಗ ಬಾಯಿ ಮುಚ್ಚಲೇ ಇಲ್ಲ, ಯಾಕೆಂದರೆ ಅಲ್ಲಿ ತೋರಿಸಿದ ಹುಡುಗ ಅಲ್ಲಿಯವನೇ, ನಾವು ಕನ್ನಡದವರು ಅಂತ ಗೊತ್ತಾದ ಕೂಡಲೇ ಅವನೂ ಕನ್ನಡಕ್ಕೆ ಹೊರಳಿದ. ಗ್ಲಾಸನ್ನು ಮೇಜಿನ ಮೇಲೇ ಇಟ್ಟು ಗುಂಡಗೆ ತಿರುಗಿಸಿ, "ಅಮ್ಮಾ, ಮೊದಲು ಮೂಗು ಒಳಗಿಡಿ, ಕುಡಿಯೋಕೆ ಅವಸರ ಬೇಡ" ಅಂದ. ಸಾವಿನ್ಯೋ ಬ್ಲಾಂ ಮೂಸಿದವಳೇ ದೊಣ್ಣೆಮೆಣಸಿನಕಾಯಿ ಅಂದಳು. ಶಿರಾಜ್ ಮೂಸಿ ಕರಿಮೆಣಸು ಅಂದಳು. ಎರಡೂ ಸರಿ, ಆ ವೈನ್‌ಗಳಲ್ಲಿ ಪರಿಣತರು ಹೇಳುವ ವಾಸನೆಯೂ ಅವೇ. ಅಡುಗೆಮನೆಯಲ್ಲಿ ಬದುಕು ಕಳೆದವರ ಮೂಗಿಗೆ ಯಾವ ಕೋರ್ಸೂ ಬೇಡ. ಕೆಂಪು ವೈನ್ ಯಾಕೆ ನಾಲಿಗೆ ಹಿಡಿದ ಹಾಗಾಗುತ್ತದೆ ಅಂತ ಕೇಳಿದ್ದಕ್ಕೆ ಅವನು, ನೇರಳೆ ಹಣ್ಣು ತಿಂದಾಗ ಆಗುತ್ತಲ್ಲ ಒಗರು, ಹಾಗೇ ಇದು ದ್ರಾಕ್ಷಿಯ ಸಿಪ್ಪೆ ಬೀಜದಿಂದ ಬರುತ್ತೆ, ಬಿಳಿ ವೈನಿಗೆ ಸಾಮಾನ್ಯವಾಗಿ ಸಿಪ್ಪೆ ಬೇರೆ ಮಾಡಿ ರಸ ಮಾತ್ರ ಹುದುಗಿಸ್ತೀವಿ ಅಂದ. ಮುಗೀತು, ಅವಳಿಗೆ ಅರ್ಥವಾಯಿತು. ಈಗ ಅಂಗಡಿಯಲ್ಲಿ ಏನು ತರಬೇಕು ಅಂತ ಅವಳೇ ಹೇಳಿ ಕಳಿಸುತ್ತಾಳೆ. ಇಂಥ ಹುಡುಗರನ್ನು ವಾರಕ್ಕೊಂದು ದಿನ ಬಡಾವಣೆಯ ಅಂಗಡಿಗೆ ಕಳಿಸಿದರೆ ಎಷ್ಟು ಚೆನ್ನ!

ನನ್ನ ಕಲ್ಪನೆಯ ಟೇಸ್ಟಿಂಗ್ ಹೀಗಿದೆ. ಶನಿವಾರವೋ ಭಾನುವಾರವೋ, ಅಂಗಡಿಯಲ್ಲಿ ರಶ್ ಆಗುವ ಮೊದಲು, ಮಧ್ಯಾಹ್ನ ಮೂರರಿಂದ ಐದು. ಗ್ರಿಲ್ ಇರುವ ಕೌಂಟರಿನಿಂದ ಬೇರೆಯಾದ ಒಂದು ಕೋಣೆ, ಹತ್ತು ಹನ್ನೆರಡು ಕುರ್ಚಿ, ಒಳ್ಳೆ ಬೆಳಕು. ಬಾಗಿಲಲ್ಲೇ ವಯಸ್ಸಿನ ಪುರಾವೆ. ಇನ್ನೂರು ರೂಪಾಯಿ ಫೀಸು, ಬಾಟಲಿ ಕೊಂಡರೆ ಬಿಲ್ಲಿನಲ್ಲಿ ಕಳೆಯುವುದು. ಪುಕ್ಕಟೆ ಇಡಲೇಬಾರದು, ಪುಕ್ಕಟೆ ಅಂದ ಕೂಡಲೇ ಬರುವ ಜನವೇ ಬೇರೆ. ಮೂರು ವೈನ್, ಮೂವತ್ತು ಮೂವತ್ತು ಮಿ.ಲೀ. ಮೂರರಲ್ಲಿ ಒಂದಾದರೂ ಕರ್ನಾಟಕದ್ದು ಇರಲೇಬೇಕು. ಒಂದು ಬಾಟಲಿಗೆ ಪೇಪರ್ ಸುತ್ತಿ, ಹೆಸರು ಆಮೇಲೆ ಹೇಳಬೇಕು. ಬೆಲೆ ನೋಡಿ ರುಚಿ ಹೇಳುವ ಅಭ್ಯಾಸ ತಪ್ಪಿಸಲು ಇದಕ್ಕಿಂತ ಒಳ್ಳೆ ಉಪಾಯ ಇಲ್ಲ. ಕುಡಿಯುವ ನೀರು, ಉಗಿಯಲು ಮಗ್, ನಡುನಡುವೆ ಬಾಯಿ ಸಪ್ಪೆ ಮಾಡಿಕೊಳ್ಳಲು ಒಗ್ಗರಣೆ ಹಾಕದ ಮಂಡಕ್ಕಿ. ಬೆಂಗಳೂರು ನೀಲಿಯಿಂದ ಮಾಡಿದ ಸಿಹಿ ವೈನನ್ನೂ ಶಿರಾಜನ್ನೂ ಅಕ್ಕಪಕ್ಕ ಇಟ್ಟು ಒಂದು ದಿನ ತೋರಿಸಲಿ. ಕ್ರಿಸ್‌ಮಸ್‌ಗೆ ಪಕ್ಕದ ಮನೆಯವರು ಕೊಟ್ಟ ಮನೆಯಲ್ಲೇ ಮಾಡಿದ ವೈನ್ ಬಿಟ್ಟರೆ ಬೇರೆ ರುಚಿ ನೋಡದವರಿಗೆ, ದ್ರಾಕ್ಷಿಯ ತಳಿ ಬದಲಾದರೆ ವೈನ್ ಎಷ್ಟು ಬದಲಾಗುತ್ತದೆ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನೊಂದು ದಿನ ನಮ್ಮ ಊಟದ ಜೊತೆ ಇಡಲಿ. ಚೀಸ್ ತುಂಡು ಯಾಕೆ ಬೇಕು? ತಣ್ಣಗಿನ ಶೆನಿನ್ ಬ್ಲಾಂ ಎಂಬ ಬಿಳಿ ವೈನ್ ಜೊತೆ ಮದ್ದೂರು ವಡೆ, ಶಿರಾಜ್ ಜೊತೆ ಕೊಡಗಿನ ಪಂದಿ ಕರಿ, ನನಗಂತೂ ಬೇರೆ ಏನೂ ಬೇಡ. ತುಂಬಾ ಖಾರದ ಎಣ್ಣೆಗಾಯಿಗೆ ಒಗರಿನ ಕೆಂಪು ವೈನ್ ಹಾಕಿದರೆ ಖಾರ ಇನ್ನೂ ಸುಡುತ್ತದೆ, ಸ್ವಲ್ಪ ಸಿಹಿ ಇರುವ ಬಿಳಿ ವೈನ್ ಆದರೆ ತಣಿಸುತ್ತದೆ. ಇದನ್ನು ಬಾಯಲ್ಲಿ ಇಟ್ಟು ತೋರಿಸಬೇಕು, ಲೇಬಲ್ ಓದಿ ತಿಳಿಯುವುದಿಲ್ಲ.

ಕಂಪನಿಯವರು ತಮ್ಮ ಕಡೆಯ ಜನ ಕಳಿಸಿ, ಟೀ ಶರ್ಟ್ ಹಂಚಿ, ಎರಡು ಕೊಂಡರೆ ಒಂದು ಪುಕ್ಕಟೆ ಅಂತ ಮಾಡುವುದಾದರೆ ಮಾತ್ರ ಈ ಟೇಸ್ಟಿಂಗ್ ಬೇಡವೇ ಬೇಡ. ಅದು ಜಾಹೀರಾತು. ಹಾಗೆಯೇ ವೈನ್ ಕುಡಿದರೆ ಹೃದಯಕ್ಕೆ ಒಳ್ಳೆಯದು ಅನ್ನುವ ಮಾತನ್ನು ಆ ಕೋಣೆಯಲ್ಲಿ ಯಾರೂ ಆಡಬಾರದು. ಮದ್ಯದಲ್ಲಿ ಸುರಕ್ಷಿತ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಅದನ್ನು ಗೋಡೆ ಮೇಲೆ ದೊಡ್ಡದಾಗಿ ಬರೆದು ಹಾಕಲಿ, ನನ್ನ ಅಭ್ಯಂತರವಿಲ್ಲ. ರುಚಿಗಾಗಿ ಕುಡಿಯುವವರು ರುಚಿಗಾಗಿಯೇ ಕುಡಿಯಲಿ, ಔಷಧಿ ಅಂತ ಸುಳ್ಳು ಹೇಳಿಕೊಳ್ಳುವುದು ಬೇಡ. ಗಾಡಿ ವಿಷಯವೂ ಇದೆ. ಗಾಡಿ ಓಡಿಸುವವರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿ ಆಲ್ಕೋಹಾಲ್ ಇರಬಾರದು ಅನ್ನುವುದು ಮೋಟಾರು ವಾಹನ ಕಾಯ್ದೆ. ಸಣ್ಣ ಮೈಯವರು ಮೂರೂ ಗುಟುಕು ನುಂಗಿದರೆ ಅದರ ಹತ್ತಿರ ಹೋಗಬಹುದು. ಉಗಿಯಬೇಕು, ಇಲ್ಲ ನಡೆದು ಬರಬೇಕು. ಊರಿನ ಆ ತುದಿಯ ಹೋಟೆಲಿಗೆ ಕಾರು ತಗೊಂಡು ಹೋಗುವುದಕ್ಕಿಂತ ಮನೆಯಿಂದ ನಡೆದು ಹೋಗುವ ಅಂಗಡಿಯೇ ಒಳ್ಳೆಯದು ಅನ್ನಲು ಇದೂ ಒಂದು ಕಾರಣ.

ಮೊದಲು ಹೇಳಿದ ಆತಂಕದ ಮಾತು. ಬಡಾವಣೆಯಲ್ಲಿ ಮದ್ಯದಂಗಡಿ ಬೇಡ ಅಂತ ಬೋರ್ಡು ಹಿಡಿದು ನಿಲ್ಲುವ ನೆರೆಹೊರೆಯವರ ಜೊತೆ ನಾನೂ ನಿಂತಿದ್ದೇನೆ. ಒಡೆದ ಬಾಟಲಿ, ಗಲಾಟೆ, ಶಾಲೆಯಿಂದ ಬರುವ ಹೆಣ್ಣುಮಕ್ಕಳಿಗೆ ಆಗುವ ತೊಂದರೆ, ಯಾವುದೂ ಸುಳ್ಳಲ್ಲ. ವೈನ್ ನೀತಿ ಬಂದ 2007ರಲ್ಲೇ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವೂ ಆಯಿತು. ಆಮೇಲೂ ಕುಡಿತದಿಂದ ಮನೆ ಹಾಳಾಗುವುದು ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಕೊಂಡೇ ಬಂದರು. ಅವರ ನೋವನ್ನು ಪಕ್ಕಕ್ಕೆ ತಳ್ಳಿ ನಾನು ಇದನ್ನು ಕೇಳುತ್ತಿಲ್ಲ. ಹೊಸ ಅಂಗಡಿ ಒಂದೂ ಬೇಡ. ಈಗಿರುವ ಅಂಗಡಿಗಳಲ್ಲೇ, ಗಲಾಟೆಯ ದೂರು ಇಲ್ಲದ, ಶಾಲೆ ಗುಡಿಗಳಿಂದ ದೂರ ಇರುವ ಅಂಗಡಿಗಳಿಗೆ ಮಾತ್ರ ಕೊಡಲಿ. ಒಂದು ದೂರು ನಿಜವಾದರೂ ಟೇಸ್ಟಿಂಗ್ ಅನುಮತಿ ರದ್ದು ಮಾಡಲಿ. ಅಂಗಡಿ ಮುಂದಿನ ಬೀದಿ ಸ್ವಚ್ಛವಾಗಿ ಇಟ್ಟುಕೊಳ್ಳದವರಿಗೆ ಅನುಮತಿಯೇ ಬೇಡ. ಹೀಗಾದರೆ ಅಂಗಡಿಯವರಿಗೂ ತಮ್ಮ ಮುಂದಿನ ಗದ್ದಲ ತಡೆಯುವುದಕ್ಕೆ ಒಂದು ಕಾರಣ ಸಿಗುತ್ತದೆ. ಮಹಾರಾಷ್ಟ್ರದಲ್ಲಿ 2022ರ ಜನವರಿಯಲ್ಲಿ ಸೂಪರ್ ಮಾರ್ಕೆಟ್‌ಗಳಲ್ಲಿ ವೈನ್ ಮಾರಲು ಬಿಡುತ್ತೇವೆ ಅಂತ ಅಲ್ಲಿನ ಸಂಪುಟ ತೀರ್ಮಾನಿಸಿದಾಗ ದೊಡ್ಡ ವಿರೋಧ ಎದ್ದಿತು, ಅಣ್ಣಾ ಹಜಾರೆ ಉಪವಾಸದ ಎಚ್ಚರಿಕೆ ಕೊಟ್ಟರು. ನನಗೂ ಅದು ಸರಿ ಕಾಣುವುದಿಲ್ಲ. ಮಕ್ಕಳು ಅಪ್ಪ ಅಮ್ಮನ ಕೈ ಹಿಡಿದು ಬಿಸ್ಕತ್ತು ಆರಿಸುವ ಜಾಗದಲ್ಲಿ ವೈನ್ ಯಾಕೆ? ಅದು ಇರಬೇಕಾದ ಜಾಗ ವೈನ್ ಅಂಗಡಿಯೇ. ಆ ಅಂಗಡಿ ಸ್ವಲ್ಪ ಮರ್ಯಾದಸ್ಥವಾಗಲಿ ಅನ್ನುವುದಷ್ಟೇ ನನ್ನ ಬೇಡಿಕೆ.

ಅಬಕಾರಿ ಇಲಾಖೆಯೂ ತೋಟಗಾರಿಕೆ ಇಲಾಖೆಯೂ ಕೂತು ಮಾತಾಡಿ, ಬೆಂಗಳೂರು, ಮೈಸೂರು, ಹುಬ್ಬಳ್ಳಿ, ವಿಜಯಪುರದಲ್ಲಿ ಊರಿಗೆ ನಾಲ್ಕೈದು ಅಂಗಡಿಯಂತೆ ಆರು ತಿಂಗಳು ಪ್ರಯೋಗ ಮಾಡಿ ನೋಡಲಿ. ಕೌಂಟರಿನ ಹುಡುಗರಿಗೆ ಎರಡು ದಿನ ವೈನರಿಯಲ್ಲೇ ತರಬೇತಿ ಕೊಡಿಸಲಿ, ಕನ್ನಡದಲ್ಲಿ. ಬೇಸಿಗೆಯಲ್ಲಿ ವೈನ್ ಇಡಲು ತಂಪು ಕಪಾಟು ಇಲ್ಲದ ಅಂಗಡಿಗೆ ಅನುಮತಿ ಕೊಡಬಾರದು. ಮೊದಲ ಟೇಸ್ಟಿಂಗ್ ಫೆಬ್ರವರಿಯಲ್ಲಿ, ಕೊಯ್ಲಿನ ಹೊತ್ತಿನಲ್ಲಿ ಇಟ್ಟು, ಬೆಳೆದ ರೈತರೊಬ್ಬರನ್ನು ಕರೆಸಿ ಕೂರಿಸಿದರೆ, ಗ್ಲಾಸು ಹಿಡಿದವರು ಅವರ ಮುಖ ನೋಡಿ ಪ್ರಶ್ನೆ ಕೇಳಬಹುದು. ನಮ್ಮ ಬಡಾವಣೆಯ ಅಂಗಡಿಯ ಮಾಲೀಕರ ಹತ್ತಿರ ಈ ಬಗ್ಗೆ ಮಾತಾಡಿದ್ದೇನೆ. ಇಲಾಖೆ ಅನುಮತಿ ಕೊಟ್ಟರೆ ಹಿಂದಿನ ಸ್ಟಾಕ್ ರೂಮ್ ಖಾಲಿ ಮಾಡಿ, ಸುಣ್ಣ ಬಣ್ಣ ಹೊಡೆಸಿ ಕುರ್ಚಿ ಹಾಕಿಸಲು ಅವರು ತಯಾರಿದ್ದಾರೆ.

ಇಂತಿ,
ನಿಮ್ಮ ಓದುಗ
ಬೆಂಗಳೂರು